ಮೂರು ಬ್ಯಾಟರಿ, ಕಾಚಿಗೂಡದವರೆಗೆ

2008ರ ಜೂನ್ ತಿಂಗಳ ಮೊದಲ ವಾರದ ಒಂದು ಸಂಜೆ, ಹೈದರಾಬಾದಿನ ಅಡಿಕ್‌ಮೆಟ್ ಸೇತುವೆಯ ಏರಿನಲ್ಲಿ ನನ್ನ ಕಾಕಾ ಅವರ ಸೈಕಲ್ಲಿನ ಮೋಟಾರು ನಿಂತಿತು. ಸೈಕಲ್ಲಿನ ಮೇಲೆ ಮೂರು ಬ್ಯಾಟರಿಗಳಿದ್ದವು. ಎರಡು ಸರಿಯಾಗಿದ್ದವು, ಒಂದು ಕೈಕೊಟ್ಟಿತ್ತು. ಕಾಕಾ ಕೆಳಗಿಳಿದು ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತಿದರು. ಸೇತುವೆಯ ನೆತ್ತಿ ಮುಟ್ಟಿದ ಮೇಲೆ ಕಟ್ಟೆಗೆ ಒರಗಿ ಕುಳಿತರು. ವಿಶ್ವವಿದ್ಯಾಲಯದ ಕಡೆ ನಡೆದು ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಅವರ ಮುಖ ನೋಡಿ ಆಟೋ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದರು. ಸೈಕಲ್ಲನ್ನು ಸೇತುವೆಯ ಕೆಳಗಿನ ಪಂಕ್ಚರ್ ಅಂಗಡಿಯವನು ಒಳಗಿಟ್ಟುಕೊಂಡ. ನನಗೆ ಸುದ್ದಿ ಬಂದಾಗ ನಾನು ಅಬಿಡ್ಸಿನಲ್ಲಿ ಪತ್ರಿಕೆಯ ಡೆಸ್ಕಿನ ಮುಂದೆ ಕುಳಿತು ಯಾರೋ ಬರೆದ ಅಪಘಾತದ ವರದಿ ತಿದ್ದುತ್ತಿದ್ದೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನಮ್ಮದು ಮೂಲದಲ್ಲಿ ರಾಯಚೂರು ಸೀಮೆ. ತಂದೆಯ ಕಡೆಯವರೆಲ್ಲ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದು ಇಲ್ಲೇ ಉಳಿದವರು. ಕಾಕಾ ಟೆಲಿಫೋನ್ ಇಲಾಖೆಯಲ್ಲಿದ್ದರು. ಪತ್ರಿಕೆಯ ಕೆಲಸ ಸಿಕ್ಕ ಮೇಲೆ ನಾನು ತಾರ್ನಾಕದ ಅವರ ಮನೆಯಲ್ಲೇ ಇದ್ದೆ.

ಹಳೆಯ ಟೆಲಿಫೋನುಗಳು ಕರೆಂಟು ಹೋದಾಗಲೂ ಮಾತಾಡುತ್ತಿದ್ದವು. ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಕಿವಿಗೆ ಆ ಒಂದೇ ಸಮನಾದ ಸದ್ದು ಕೇಳುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಕ್ಸ್‌ಚೇಂಜಿನ ಹಿಂಭಾಗದಲ್ಲಿ ಒಂದು ಬ್ಯಾಟರಿ ರೂಮು ಇರುತ್ತಿತ್ತು. ಮರದ ಮೆಟ್ಟಿಲಂಥ ಹಲಗೆಗಳ ಮೇಲೆ ಸಾಲಾಗಿ ದೊಡ್ಡ ದೊಡ್ಡ ಸೆಲ್ಲುಗಳು, ಗೋಡೆಗೆ ಆ್ಯಸಿಡ್ ತಡೆಯುವ ಬಣ್ಣ, ಮೂಲೆಯಲ್ಲಿ ಸೆಲ್ಲುಗಳಿಗೆ ಹಾಕುವ ಶುದ್ಧ ನೀರಿನ ಡಬ್ಬಿ. ಕಾಕಾ ತಮ್ಮ ನೌಕರಿಯ ಬಹುಭಾಗವನ್ನು ಆ ಕೋಣೆಯಲ್ಲಿ ಕಳೆದರು. ನಾನು ಚಿಕ್ಕವನಿದ್ದಾಗ ಒಮ್ಮೆ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ದೇವರ ಮನೆಗೂ ಅದಕ್ಕೂ ನನಗೆ ಫರಕು ಕಾಣಲಿಲ್ಲ.

ಕಾಕಾ ಅವರ ಹೆಂಡತಿ, ನನ್ನ ಕಾಕು, ಇದನ್ನು ಬೇರೆ ಥರ ಹೇಳುತ್ತಿದ್ದರು.

"ಲಗ್ನ ಆದಾಗಿಂದ ನೋಡಾಕತ್ತೀನಿ. ನನಗ ಒಂದ ದಿನ ನೀರು ಬೇಕೇನ ಅಂತ ಕೇಳಿದವರಲ್ಲ. ಅಲ್ಲೆ ಅವಕ್ಕ ನೀರು ಕಮ್ಮಿ ಆದ್ರ ಇವರಿಗೆ ಇಲ್ಲೆ ಊಟ ಸೇರ್ತಿರಲಿಲ್ಲ."

"ನೀ ಬಾಯಿ ಬಿಟ್ಟು ಕೇಳ್ತಿ. ಅವು ಕೇಳಂಗಿಲ್ಲ," ಎನ್ನುತ್ತಿದ್ದರು ಕಾಕಾ.

ಬ್ಯಾಟರಿ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಸಾಲಿನಲ್ಲಿರುವ ಸೆಲ್ಲುಗಳನ್ನೆಲ್ಲ ದಿನಾ ಅಳೆಯುತ್ತ ಕೂಡಲು ಆಗುವುದಿಲ್ಲ. ಆದ್ದರಿಂದ ಒಂದನ್ನು ಆರಿಸಿ ಅದಕ್ಕೆ ಪೈಲಟ್ ಸೆಲ್ ಎಂದು ಹೆಸರಿಡುತ್ತಿದ್ದರು. ದಿನವೂ ಅಳೆಯುವುದು ಅದನ್ನೇ. ಅದು ಸರಿ ಇದ್ದರೆ ಸಾಲು ಸರಿ ಇದೆ ಎಂದು ಲೆಕ್ಕ. ತಿಂಗಳಿಗೊಮ್ಮೆ ಎಲ್ಲ ಸೆಲ್ಲುಗಳನ್ನೂ ಅಳೆಯುವ ಕ್ರಮವೂ ಇತ್ತು, ಆದರೆ ಅದು ಇನ್ನೊಂದು ತಂಡದ ಕೆಲಸ. ಕಾಕಾ ಅವರ ಪಾಲಿನ ಕೆಲಸ ಪೈಲಟ್ ಸೆಲ್. ನಿವೃತ್ತಿಯ ದಿನದವರೆಗೂ ಅವರು ಅದನ್ನು ಬಿಟ್ಟವರಲ್ಲ, ಅವರ ಕಾಲದಲ್ಲಿ ಆ ಎಕ್ಸ್‌ಚೇಂಜು ಕರೆಂಟಿಲ್ಲದ ಕಾರಣಕ್ಕೆ ಮೂಕವಾದದ್ದೂ ಇಲ್ಲ.

ನಿವೃತ್ತಿಯ ನಂತರ ಅವರ ದಿನದಲ್ಲಿ ಉಳಿದದ್ದು ಒಂದೇ ಹೋಗಿಬರುವ ಕೆಲಸ. ಮಧ್ಯಾಹ್ನ ಸೈಕಲ್ ಹತ್ತಿ ಕಾಚಿಗೂಡಕ್ಕೆ ಹೋಗುವುದು, ಅಲ್ಲಿ ನನ್ನ ಅತ್ತೆಯ ಜೊತೆ ಚಹಾ ಕುಡಿಯುವುದು, ಕತ್ತಲಾಗುವ ಮುಂಚೆ ಬರುವುದು. ಅತ್ತೆ ಎಂದರೆ ಕಾಕಾ ಅವರ ಅಕ್ಕ, ಒಡಹುಟ್ಟಿದವರಲ್ಲಿ ಎಲ್ಲರಿಗಿಂತ ಹಿರಿಯರು. ಸ್ಟೇಷನ್ನಿನ ಹಿಂದಿನ ಗಲ್ಲಿಯ ಹಳೆಯ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದರು. ಸೊಸೆ ತೆಲುಗಿನವರು, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಮೊಮ್ಮಕ್ಕಳು ತೆಲುಗು, ಇಂಗ್ಲಿಷು. ಮಗ ಕನ್ನಡ ಬಲ್ಲವನೇ ಆದರೂ ಹೆಂಡತಿ ಮಕ್ಕಳ ಜೊತೆ ತೆಲುಗಾಡಿ ಆಡಿ ತಾಯಿಯ ಜೊತೆಯೂ ಅವನ ಬಾಯಿಗೆ ಅದೇ ಬರುತ್ತಿತ್ತು. ಹೊರಗೆ ಹಿಂದಿ. ಹೀಗಾಗಿ ಅತ್ತೆಯ ಪಾಲಿಗೆ ಇಡೀ ದಿನದಲ್ಲಿ ಕನ್ನಡದ ಹೊತ್ತು ಎಂದರೆ ತಮ್ಮ ಬಂದು ಕುಳಿತ ಆ ಒಂದು ತಾಸು.

ನಾಲ್ಕು ಗಂಟೆಗೆ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಸಿಯ ಸಮೇತ ಚಹಾದ ಎರಡು ಕಪ್ಪು ಇರಬೇಕು. ಒಂದು ಇದ್ದರೆ ನಡೆಯುತ್ತಿರಲಿಲ್ಲ. ತಮ್ಮ ಬರುವುದು ಐದು ನಿಮಿಷ ತಡವಾದರೆ ಚಹಾ ಸೋಸಲು ಬಿಡುತ್ತಿರಲಿಲ್ಲ. ಅವರಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಕಾಕಾ ಯಾವಾಗಲೂ ಬಲಕ್ಕೆ ಕುಳಿತು, ಬಾಗಿ, ನಿಧಾನವಾಗಿ ಮಾತಾಡುತ್ತಿದ್ದರು. ಫೋನಿನಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ. ಕಾಕಾ ನೌಕರಿಯಲ್ಲಿದ್ದಾಗ ಹಟ ಹಿಡಿದು ಆ ಮನೆಗೆ ಬೇಗ ಫೋನು ಹಾಕಿಸಿದ್ದರು. ಅದನ್ನು ಬಳಸಿದವರು ಉಳಿದವರು.

ನನ್ನ ಪಾಳಿ ಸಂಜೆ ಶುರುವಾಗುತ್ತಿತ್ತು. ವಾರದಲ್ಲಿ ಒಂದೆರಡು ಸಲ ನಾನೂ ದಾರಿಯಲ್ಲಿ ಇಳಿದು ಅಲ್ಲಿ ಕುಳಿತಿರುತ್ತಿದ್ದೆ.

"ಬಂದ್ಯಾ ತಮ್ಮಾ? ಕುಂಡ್ರು. ಇವತ್ತ ತಡಾ ಮಾಡಿದಿ."

"ತಡಾ ಎಲ್ಲೆ ಅಕ್ಕಾ? ನಿನ್ನ ಗಡಿಯಾರನ ಓಡಾಕತ್ತೈತಿ. ಎಲ್ಲಿಗಿ ಹೊಂಟೈತಿ ಕೇಳು."

"ಗಡಿಯಾರಕ್ಕ ಯಾಕ ಅಂತಿ? ಹಾದ್ಯಾಗ ಯಾರ ಜೋಡಿ ಹರಟಿ ಹೊಡಕೋತ ನಿಂತಿದ್ದೀ?"

"ನಿನ್ನ ಬಿಟ್ಟರ ನನ್ನ ಜೋಡಿ ಯಾರು ಹರಟಿ ಹೊಡಿತಾರ?"

ಆಮೇಲೆ ಊರಿನ ಮಾತು. ಇಬ್ಬರಿಗೂ ಒಂದು ತೀರದ ಜಗಳವಿತ್ತು. ನನ್ನ ಅಜ್ಜ ಹಳ್ಳಿ ಹಳ್ಳಿ ತಿರುಗಿ ವಸೂಲಿಗೆ ಹೋಗುತ್ತಿದ್ದ ಕುದುರೆ ಕಪ್ಪೋ ಕೆಂಪೋ ಎಂಬುದು. ಅತ್ತೆ ಕೆಂದ ಕುದುರೆ ಎನ್ನುತ್ತಿದ್ದರು. ಕಾಕಾ ಕರೇದು ಎನ್ನುತ್ತಿದ್ದರು.

"ನೀ ಆವಾಗ ಹುಟ್ಟಿದ್ದೆನ? ತೊಟ್ಟಿಲದಾಗ ಇದ್ದಿ."

"ತೊಟ್ಟಿಲದಾಗ ಇದ್ರೂ ಕಣ್ಣು ಇದ್ದುವು. ಕರೇದು."

"ಕಣ್ಣು ಇದ್ದುವು, ತೆರದಿದ್ದಿಲ್ಲ."

ಈ ಜಗಳ ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಇಬ್ಬರೂ ಹೊಸದಾಗಿ ಸಿಟ್ಟಾಗುತ್ತಿದ್ದರು.

2007ರ ದೀಪಾವಳಿಯ ನಂತರ ಕಾಕಾ ಅವರಿಗೆ ಲಘುವಾಗಿ ಹೃದಯಾಘಾತವಾಯಿತು. ಡಾಕ್ಟರು, ಸಮತಟ್ಟಿನಲ್ಲಿ ನಡೆಯಬಹುದು, ಆದರೆ ಏರು ತುಳಿಯಕೂಡದು ಎಂದರು. ತಾರ್ನಾಕದಿಂದ ಕಾಚಿಗೂಡಕ್ಕೆ ಹೋಗುವಾಗ ಬಹುಪಾಲು ಇಳಿಜಾರು, ಬರುವಾಗ ಬಹುಪಾಲು ಏರು. ನಡುವೆ ರೈಲು ಹಳಿಯ ಮೇಲಿನ ಆ ಸೇತುವೆ. ಬಸ್ಸಿನ ಮೆಟ್ಟಿಲು ಅವರ ಮಂಡಿಗೆ ಎತ್ತರ. ದಿನಾ ಆಟೋ ಎಂದರೆ ಪೆನ್ಷನ್ನಿಗೆ ಎಟುಕುವ ಮಾತಲ್ಲ. ಹದಿನೈದು ದಿನ ಮನೆಯಲ್ಲಿ ಕುಳಿತರು. ಅಷ್ಟರಲ್ಲಿ ಕಾಚಿಗೂಡದ ಸೊಸೆಯವರು ಫೋನ್ ಮಾಡಿ, ಅತ್ತೆ ಚಹಾ ಮುಟ್ಟುತ್ತಿಲ್ಲ ಎಂದರು.

ಮೋಟಾರಿನ ವಿಚಾರ ತಂದವರು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಎಂಜಿನಿಯರ್ ಹೆಣ್ಣುಮಗಳು. ಮಾದಾಪುರದ ಐಟಿ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಕಂಪನಿಯ ಬಸ್ಸು ಬೆಳಿಗ್ಗೆ ಬಂದು ಮೂಲೆಯಿಂದ ಕರೆದೊಯ್ಯುತ್ತಿತ್ತು. ಕಾಕು ಅವರನ್ನು ಮೈಸೂರು ಬಾಯಿ ಎಂದು ಕರೆಯುತ್ತಿದ್ದರು. ಮೈಸೂರಿನವರು ಕಾಕಾರನ್ನು ಅಂಕಲ್ ಎನ್ನುತ್ತಿದ್ದರು.

"ಅಂಕಲ್ ಅಂತ ಯಾಕ ಅಂತೀರಿ? ಕಾಕಾ ಅನ್ರಿ."

"ನಮ್ ಕಡೆ ಕಾಕಾ ಅಂದ್ರೆ ಟೀ ಅಂಗಡಿಯವ್ರು, ಅಂಕಲ್."

"ಅನ್ರಿ, ಅದಕ್ಕೇನು? ದಿನಾ ನಾಕಕ್ಕ ಚಾದ ಸಲುವಾಗೆ ಓಡ್ತೀನಿ."

ಆ ವರ್ಷ ಊರಿನಲ್ಲಿ ಎಲೆಕ್ಟ್ರಿಕ್ ಸೈಕಲ್ ಮಾರುವ ಅಂಗಡಿಗಳು ಅಲ್ಲಲ್ಲಿ ತೆರೆದು ಅಷ್ಟೇ ಬೇಗ ಮುಚ್ಚುತ್ತಿದ್ದವು. ಮುಚ್ಚುತ್ತಿದ್ದ ಒಂದು ಅಂಗಡಿಯಲ್ಲಿ ಹಿಂದಿನ ಚಕ್ರದೊಳಗೇ ಮೋಟಾರು ಇರುವ ಕಿಟ್ ಅಗ್ಗಕ್ಕೆ ಸಿಕ್ಕಿತು. ಅದಕ್ಕೆ ಸೇರಬೇಕಾದ ಬ್ಯಾಟರಿಗಳು ಮಾತ್ರ ಅಲ್ಲಿ ಇರಲಿಲ್ಲ. ಹನ್ನೆರಡು ವೋಲ್ಟಿನ ಮೂರು ಬ್ಯಾಟರಿ ಬೇಕು, ಒಂದರ ಹಿಂದೆ ಒಂದು ಜೋಡಿಸಬೇಕು.

ಬ್ಯಾಟರಿ ಹುಡುಕಲು ಕಾಕಾ ನನ್ನ ರಜೆಯ ದಿನ ನನ್ನ ಸ್ಕೂಟರಿನ ಹಿಂದೆ ಕುಳಿತರು. ಅಬಿಡ್ಸಿನ ಹಿಂದಿನ ಒಂದು ಗಲ್ಲಿಯಲ್ಲಿ ಬ್ಯಾಟರಿ ಅಂಗಡಿಗಳಿದ್ದವು. ಮೊದಲ ಅಂಗಡಿಯವನು ಕಾರಿನ ಬ್ಯಾಟರಿಯ ಮೇಲೆ ಕೈಯಿಂದ ತಟ್ಟಿ, ಇದು ಆನೆ ಎಂದು ತೋರಿಸಿದ.

"ಯೇ ಲೇಲೋ ಸಾಬ್. ಹಾಥೀ ಹೈ, ಹಾಥೀ."

"ಹಾಥೀ ಕೋ ಸೈಕಲ್ ಪೋ ಬಿಠಾನಾ ಕ್ಯಾ ಮಿಯಾಂ?" ಎಂದರು ಕಾಕಾ, ಆನೆಯನ್ನು ಸೈಕಲ್ಲಿನ ಮೇಲೆ ಕೂಡಿಸಲೇ ಎಂದು.

"ಹಾಥೀ ನಕ್ಕೋ ತೋ ಘೋಡಾ ದೇತೂಂ," ಆನೆ ಬೇಡವಾದರೆ ಕುದುರೆ ಕೊಡುತ್ತೇನೆ ಎಂದು ಅವನು ಮೋಟಾರ್ ಸೈಕಲ್ಲಿನ ಸಣ್ಣ ಬ್ಯಾಟರಿ ಎಳೆದ.

"ಕುದುರಿ ವಿಷಯ ತಗೀಬ್ಯಾಡ," ಎಂದು ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಮನಿತನಕ ಜಗಳ ಬರ್ತೈತಿ."

ಎಲೆಕ್ಟ್ರಿಕ್ ಸೈಕಲ್ಲಿಗೆಂದೇ ಮಾಡಿದ ಹೊಸ ಬ್ಯಾಟರಿಗಳೂ ಒಂದು ಅಂಗಡಿಯಲ್ಲಿದ್ದವು. ಬೆಲೆ ಕೇಳಿ ಕಾಕಾ ಅವನ್ನು ಎತ್ತಿ ನೋಡಿ, ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟರು. ಲಿಥಿಯಂ ಎಂಬುದು ಹಗುರ, ಬಹಳ ಬಾಳುತ್ತದೆ ಎಂದು ಮೈಸೂರಿನವರು ಹೇಳಿದ್ದರು. ಆ ಗಲ್ಲಿಯಲ್ಲಿ ಅದನ್ನು ಮೊಬೈಲಿನಲ್ಲಿ ಬಿಟ್ಟು ಬೇರೆ ಎಲ್ಲೂ ಯಾರೂ ಕಂಡಿರಲಿಲ್ಲ. ಅಂದು ಬರಿಗೈಲಿ ಬಂದೆವು.

ದಾರಿ ತೋರಿಸಿದ್ದು ಮತ್ತೆ ಮಾದಾಪುರ. ಐಟಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಕಂಪ್ಯೂಟರುಗಳಿಗೆಂದು ಯುಪಿಎಸ್ ಬ್ಯಾಟರಿಗಳ ಗೋಡೆಯೇ ಇರುತ್ತಿತ್ತು. ಕರೆಂಟು ಹೋದಾಗ ಜನರೇಟರ್ ಶುರುವಾಗುವವರೆಗಿನ ಸ್ವಲ್ಪ ಹೊತ್ತು ಮಾತ್ರ ಅವಕ್ಕೆ ಕೆಲಸ. ಉಳಿದ ಹೊತ್ತೆಲ್ಲ ತುಂಬಿಕೊಂಡು ನಿಂತಿರುವುದೇ. ಅವಧಿ ಮುಗಿಯಿತೆಂದರೆ ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಒಟ್ಟಿಗೆ ತೆಗೆದುಹಾಕಿ ಹೊಸತು ಕೂಡಿಸುತ್ತಿದ್ದರು. ಆ ವರ್ಷಗಳಲ್ಲಿ ಆ ಕಡೆ ಹೊಸ ಕಟ್ಟಡಗಳು ಏಳುತ್ತಿದ್ದ ವೇಗಕ್ಕೆ ಹಳೆಯ ಬ್ಯಾಟರಿಗಳೂ ಹಾಗೆಯೇ ಹೊರಬರುತ್ತಿದ್ದವು. ತೆಗೆದವನ್ನು ಒಬ್ಬ ಗುತ್ತಿಗೆದಾರ ಒಯ್ಯುತ್ತಿದ್ದ. ಮೈಸೂರಿನವರು ಅವನನ್ನು ಕೇಳಿದರು. ಗುಜರಿ ಬೆಲೆಗೆ ಎಷ್ಟು ಬೇಕಾದರೂ ಆರಿಸಿಕೊಳ್ಳಿ ಎಂದ.

ಹೇಳಬೇಕಾದ ಒಂದು ಮಾತನ್ನು ಅವರು ಅವತ್ತೇ ಹೇಳಿದರು. ನಮ್ಮ ವರಾಂಡದಲ್ಲಿ, ನನ್ನ ಎದುರಿಗೇ.

"ಅಂಕಲ್, ನಾನು ನೆಟ್ಟಲ್ಲಿ ಓದ್ದೆ. ಯುಪಿಎಸ್ ಬ್ಯಾಟರಿ ದಿನಾ ಖಾಲಿ ಮಾಡಿ ದಿನಾ ತುಂಬೋಕೆ ಮಾಡಿದ್ದಲ್ವಂತೆ. ಸುಮ್ನೆ ಕಾಯ್ತಾ ಇರೋಕೆ ಮಾಡಿದ್ದಂತೆ."

ಕಾಕಾ ನಕ್ಕರು. "ನಾ ಸಾಕಿದ್ದೂ ಕಾಯೋ ಬ್ಯಾಟ್ರಿನs ಅಲ್ಲೇನ್ರಿ. ಅದರಷ್ಟು ನಂಬಿಗಸ್ತ ಬ್ಯಾಟ್ರಿ ಜಗತ್ತಿನ್ಯಾಗ ಇಲ್ಲ. ಎಷ್ಟು ವರ್ಷ ಇಟ್ಟರೂ ಕೇಳಿದಾಗ ಕೊಡ್ತಾವು."

"ಆದ್ರೂ..."

"ಫಿಕರ್ ಮಾಡಬ್ಯಾಡ್ರಿ. ಬ್ಯಾಟ್ರಿ ಒಂದು ನನಗ ಬಿಡ್ರಿ."

ಅವರು ಬಿಟ್ಟರು. ಕಾಕಾ ಎಂದರೆ ಆಕೆಯ ತಂದೆಯ ವಯಸ್ಸಿನವರು, ಅದೂ ಆಯುಷ್ಯವಿಡೀ ಬ್ಯಾಟರಿ ಸಾಕಿದವರು. ಎರಡನೆಯ ಸಲ ಹೇಳಲು ಅವರಿಗೆ ಬಾಯಿ ಬರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಒಂದು ಭಾನುವಾರ ಮೂವರೂ ಹೋದೆವು. ಗುತ್ತಿಗೆದಾರನ ಶೆಡ್ಡಿನಲ್ಲಿ ಬ್ಯಾಟರಿಗಳು ಇಟ್ಟಿಗೆಯ ಹಾಗೆ ಪೇರಿಸಿದ್ದವು. ಎಲ್ಲವೂ ಒಂದೇ ಕಟ್ಟಡದವು, ಒಂದೇ ದಿನ ಕೂಡಿಸಿ ಒಂದೇ ದಿನ ತೆಗೆದವು. ಕಾಕಾ ಮೀಟರಿನ ಕಡ್ಡಿಗಳನ್ನು ಒಂದೊಂದಕ್ಕೆ ಮುಟ್ಟಿಸುತ್ತ ಹೋದರು. ಸುಮ್ಮನೆ ಇಟ್ಟಾಗಿನ ವೋಲ್ಟೇಜು ಹೆಚ್ಚುಕಡಿಮೆ ಎಲ್ಲದರದ್ದೂ ಸಮವಾಗಿತ್ತು. ಉಬ್ಬದ, ಸೋರದ, ನೋಡಲು ಚೊಕ್ಕಟವಾದ ಮೂರನ್ನು ಬೇರೆ ಇಟ್ಟರು. ಅವುಗಳಲ್ಲಿ ಒಂದಕ್ಕೆ, ಚೀಲದಲ್ಲಿ ತಂದಿದ್ದ ಕಾರಿನ ಹೆಡ್‌ಲೈಟ್ ಬಲ್ಬು ಜೋಡಿಸಿ ಕುಳಿತರು. ಬಲ್ಬು ಉರಿಯುತ್ತಲೇ ಇತ್ತು. ನಾವು ಎರಡು ಸುತ್ತು ಚಹಾ ಕುಡಿದು ಬಂದರೂ ಅದರ ಬೆಳಕು ಬಾಡಿರಲಿಲ್ಲ. ಕಾಕಾ ಆ ಬ್ಯಾಟರಿಯ ಬೆನ್ನಿಗೆ ಕುಂಕುಮದ ಹಾಗೆ ಕೆಂಪು ಬಣ್ಣದ ಒಂದು ಬೊಟ್ಟು ಇಟ್ಟರು.

"ಇದು ಪೈಲಟ್."

"ಉಳಿದೆರಡಕ್ಕೂ ಬಲ್ಬ್ ಹಾಕಿ ನೋಡೋಣ್ವಾ ಅಂಕಲ್?"

"ಯಾಕ್ರಿ? ಒಂದ ತಾಯಿ ಮಕ್ಕಳು. ಒಂದ ಮನ್ಯಾಗ ಬೆಳದಾವು. ಒಂದರ ನಾಡಿ ಹಿಡದ್ರ ಆತು."

ಬಿಸಿಲೇರುತ್ತಿತ್ತು. ಬಲ್ಬಿಗೆ ಇನ್ನೆರಡು ಸಲ ಕಾಯುವ ಉತ್ಸಾಹ ಯಾರಲ್ಲೂ ಕಾಣಲಿಲ್ಲ.

ಬ್ಯಾಟರಿಗಳನ್ನು ಹೊರಲು ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ತಗಡಿನ ಪೆಟ್ಟಿಗೆ ಬಂದವು. ಮೂರೂ ಸೇರಿದರೆ ತುಂಬಿದ ಕೊಡದಷ್ಟು ಭಾರ. ಮೊದಲ ದಿನ ಕಾಕಾ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ ಬಂದಾಗ ಕಾಕು ಬಾಗಿಲಲ್ಲಿ ನಿಂತು ನೋಡಿದರು.

"ಪೆಡಲ್ ಮ್ಯಾಲೆ ಕಾಲು ಇಟಗೊಂಡು ಸುಮ್ಮ ಕುಂತೀರಲ್ಲ. ಮದುವಿ ಮೆರವಣಿಗಿ ಹೊಂಟಂಗ ಐತಿ."

"ನೀನೂ ಕುಂಡ್ರು ಬಾ ಹಿಂದ."

"ಹಿಂದ ನನ್ನ ಸವತ್ಯಾರು ಮೂರು ಮಂದಿ ಕುಂತಾರ. ನನಗ ಎಲ್ಲೈತಿ ಜಾಗಾ?"

2008ರ ಜನವರಿಯಿಂದ ಕಾಕಾ ಮತ್ತೆ ಕಾಚಿಗೂಡಕ್ಕೆ ಹೋದರು. ಹೋಗುವಾಗ ಇಳಿಜಾರಿನಲ್ಲಿ ಮೋಟಾರು ಬಂದ್ ಮಾಡುತ್ತಿದ್ದರು, ಬರುವಾಗ ಬೇಕಾಗುತ್ತದೆ ಎಂದು. ಮೊದಲ ದಿನ ಅತ್ತೆಗೆ ಸೈಕಲ್ ತೋರಿಸಲೆಂದು ಅವರನ್ನು ಕೈಹಿಡಿದು ಬಾಗಿಲಿಗೆ ಕರೆತಂದರು. ಅತ್ತೆ ಪೆಟ್ಟಿಗೆಗಳನ್ನು ಮುಟ್ಟಿ ನೋಡಿದರು.

"ಇದರಾಗ ಏನೈತಿ?"

"ಜೀವ ಐತಿ ಅಕ್ಕಾ. ಇದನ್ನ ತುಂಬಿಸಿಕೊಂಡು ನಿನ್ನ ಹಂತ್ಯಾಕ ಬರ್ತೀನಿ."

"ದಿನಾ ಬರ್ತೈತೇನು?"

"ದಿನಾ ಬರ್ತೈತಿ."

"ಅಪ್ಪನ ಕೆಂದ ಕುದುರಿನೂ ಹಿಂಗ ದಿನಾ ಹೋಗಿ ಬರ್ತಿತ್ತು."

"ಕರೇದು!"

ಕಪ್ಪು ಬಸಿ ಮತ್ತೆ ಎರಡಾದವು. ಆ ತಿಂಗಳುಗಳಲ್ಲಿ ಅತ್ತೆ ಚೆನ್ನಾಗಿದ್ದರು. ಬೆಳಗಿನ ಹೊತ್ತು ಕೆಲವೊಮ್ಮೆ ಮೊಮ್ಮಗಳ ಹೆಸರು ತಪ್ಪಿ ಮಗಳ ಹೆಸರು ಹೇಳುತ್ತಾರೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಾರೆ ಎಂದು ಸೊಸೆಯವರು ಹೇಳಿದ್ದರು. ಆದರೆ ನಾಲ್ಕು ಗಂಟೆಗೆ ಹಾಗೇನೂ ಕಾಣುತ್ತಿರಲಿಲ್ಲ. ಯಾವ ವರ್ಷ ಯಾವ ಬಾವಿ ಬತ್ತಿತು, ಯಾರ ಲಗ್ನದಲ್ಲಿ ಯಾರು ಉಣ್ಣದೆ ಎದ್ದು ಹೋದರು, ಎಲ್ಲ ನೆನಪಿತ್ತು.

ಮನೆಯಲ್ಲಿ ಕಾಕಾ ಬ್ಯಾಟರಿ ರೂಮಿನ ಶಿಸ್ತನ್ನೇ ನಡೆಸಿದರು. ಸಂಜೆ ಬಂದೊಡನೆ ಚಾರ್ಜಿಗೆ ಹಾಕುವುದು. ಬೆಳಿಗ್ಗೆ ಸ್ನಾನವಾದ ಮೇಲೆ ಪೈಲಟ್ಟನ್ನು ಅಳೆದು ವರಾಂಡದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುವುದು, ನಿನ್ನೆಯದನ್ನು ಒರೆಸುವುದು. ಅಂಕಿ ಬದಲಾಗುತ್ತಿರಲಿಲ್ಲ. ಉಳಿದ ಎರಡನ್ನು ಅಳೆಯಲು ಆ ಮನೆಯಲ್ಲಿ ಇನ್ನೊಂದು ತಂಡ ಇರಲಿಲ್ಲ.

ಏಪ್ರಿಲ್ ಕೊನೆಯ ಹೊತ್ತಿಗೆ ಕಾಕಾ ಬರುವುದು ಸ್ವಲ್ಪ ಸ್ವಲ್ಪ ತಡವಾಗತೊಡಗಿತು. ಸೇತುವೆಯ ಹತ್ತಿರ ಮೋಟಾರು ಎಳೆಯುವುದಿಲ್ಲ, ಇಳಿದು ನಡೆಯುತ್ತೇನೆ ಎಂದರು. ಮೈಸೂರಿನವರು ಮೋಟಾರಿನ ವೈರುಗಳನ್ನು ಬಿಚ್ಚಿ ನೋಡಿದರು. ಬ್ರೇಕು ಉಜ್ಜುತ್ತಿದೆಯೇ ನೋಡಿದರು. ಟಯರಿಗೆ ಗಾಳಿ ಹಾಕಿಸಿದರು. ಬ್ಯಾಟರಿಯ ಮಾತು ಬಂದಾಗ ಕಾಕಾ ಗೋಡೆಯ ಕಡೆ ಕೈ ತೋರಿಸಿದರು. ಅಂಕಿ ಜನವರಿಯಲ್ಲಿ ಇದ್ದದ್ದೇ ಇತ್ತು.

"ಬಿಸಿಲಿಗೆ ಮನುಷ್ಯಾರs ನಿಂದ್ರತಾರ. ಮೋಟಾರಿಂದೇನು," ಎಂದರು. "ಮಳಿ ಬಿದ್ದರ ಸರಿ ಹೋಗ್ತೈತಿ."

ಮಳೆ ಬೀಳುವುದಕ್ಕೆ ಮುಂಚೆ ಸೇತುವೆಯ ಮೇಲಿನ ಆ ಸಂಜೆ ಬಂತು.

ಎರಡನೆಯ ಹೃದಯಾಘಾತ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಆಸ್ಪತ್ರೆಯಲ್ಲಿ ಕೆಲವು ವಾರ, ಮನೆಯಲ್ಲಿ ಮಂಚದ ಮೇಲೆ ಇನ್ನೂ ಕೆಲವು ವಾರ. ಸೈಕಲ್ಲಿನ ಹೆಸರೆತ್ತಕೂಡದು ಎಂದು ಡಾಕ್ಟರು ಕಾಕುಗೆ ಹೇಳಿದರು. ಕಾಕು ಅದನ್ನು ಎಲ್ಲರಿಗೂ ಹೇಳಿದರು.

ನಮ್ಮ ಮನೆತನದಲ್ಲಿ ಹಿರಿಯರಿಗೆ ಕಾಯಿಲೆಯ ಸುದ್ದಿ ಮುಟ್ಟಿಸುವ ರೂಢಿಯಿಲ್ಲ. ಅತ್ತೆಗೆ ಏನು ಹೇಳುವುದೆಂದು ಆಸ್ಪತ್ರೆಯ ಮೊಗಸಾಲೆಯಲ್ಲೇ ಎಲ್ಲ ಕೂಡಿ ತೀರ್ಮಾನವಾಯಿತು. ಕಾಕಾ ಊರಿಗೆ ಹೋಗಿದ್ದಾರೆ, ಹೊಲದ ತಕರಾರಿದೆ, ಬರುವುದು ತಡವಾಗುತ್ತದೆ ಎಂದು. ನಾನು ಕಾಚಿಗೂಡಕ್ಕೆ ಹೋದಾಗ ಅತ್ತೆ ಆ ಮಾತನ್ನು ಆಗಲೇ ಕೇಳಿದ್ದರು.

"ಊರಿಗಿ ಹೋಗ್ಯಾನ ಅಂತ ಹೌದೇನೋ?"

"ಹೌದ್ರಿ ಅತ್ತಿ."

"ನನ್ನ ಬಿಟ್ಟು ಹೆಂಗ ಹೋದ? ನಾನೂ ಬರ್ತಿದ್ನೆಲ್ಲ."

ಸ್ಟೂಲಿನ ಮೇಲೆ ಎರಡು ಕಪ್ಪು ಇದ್ದವು. ಒಂದು ನಾನು ಕುಡಿದೆ. ಬಲಗಡೆಗೇ ಕುಳಿತಿದ್ದೆ. ಆದರೆ ನನಗೆ ಬಾವಿ ಗೊತ್ತಿರಲಿಲ್ಲ, ಲಗ್ನ ಗೊತ್ತಿರಲಿಲ್ಲ, ಕುದುರೆಯ ಬಣ್ಣದ ಬಗ್ಗೆ ನನ್ನ ಕಡೆಯಿಂದ ಜಗಳವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾತು ನಿಂತಿತು.

ಕಾಕಾ ಮಂಚದಿಂದ ಫೋನ್ ಮಾಡಿಸಿದರು. ಅತ್ತೆ ರಿಸೀವರನ್ನು ಎಡಗಿವಿಗೆ ಹಿಡಿದು ಹಲೋ ಹಲೋ ಎಂದು, ಯಾರೂ ಇಲ್ಲ ಎಂದು ಸೊಸೆಯ ಕೈಗೆ ಕೊಟ್ಟರು. ಬಲಗಿವಿಗೆ ಹಿಡಿಸಿದಾಗಲೂ ಹಾಗೇ ಆಯಿತು. ಕಾಕಾ ಈ ಕಡೆ ಜೋರಾಗಿ "ಅಕ್ಕಾ, ನಾನು" ಎಂದು ಮೂರು ನಾಲ್ಕು ಸಲ ಹೇಳಿದ್ದು ನಮ್ಮ ಗಲ್ಲಿಗೆಲ್ಲ ಕೇಳಿತು. ಆಮೇಲೆ ಅವರಿಗೆ ಉಸಿರು ಹತ್ತಿ, ಕಾಕು ಫೋನ್ ಕಸಿದುಕೊಂಡರು.

ಜುಲೈನಲ್ಲಿ ಒಂದು ಭಾನುವಾರ ಮೈಸೂರಿನವರು ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ಲಿನಿಂದ ಬ್ಯಾಟರಿಗಳನ್ನು ಬಿಚ್ಚಿದರು. ಯಾರೂ ಹೇಳಿರಲಿಲ್ಲ. ಕಾಕಾ ಅವರ ಮಂಚ ವರಾಂಡಕ್ಕೆ ಬಂದಿತ್ತು, ಅಲ್ಲಿಂದ ನೋಡುತ್ತಿದ್ದರು. ಮೈಸೂರಿನವರು ಮೂರನ್ನೂ ಚಾರ್ಜ್ ಮಾಡಿ ಅದೇ ಹೆಡ್‌ಲೈಟ್ ಬಲ್ಬನ್ನು ಒಂದೊಂದಕ್ಕೆ ಜೋಡಿಸಿದರು. ಕೆಂಪು ಬೊಟ್ಟಿನದು ಉರಿಯಿತು. ಪಕ್ಕದ್ದೂ ಉರಿಯಿತು. ಮೂರನೆಯದಕ್ಕೆ ಹಾಕಿದಾಗ ಬಲ್ಬು ಮೊದಲು ಅಷ್ಟೇ ಬೆಳ್ಳಗೆ ಹೊತ್ತಿತು. ಕಾಕು ಒಳಗಿನಿಂದ ಚಹಾ ತಂದು ಕೊಡುವಷ್ಟರಲ್ಲಿ ಹಳದಿಯಾಗಿ, ಕೆಂಪಾಗಿ, ತಂತಿ ಮಾತ್ರ ಕಾಣುತ್ತಿತ್ತು.

ಆ ಬ್ಯಾಟರಿ ಯಾಕೆ ಹಾಗಾಯಿತು ಎಂದು ಖಚಿತವಾಗಿ ಹೇಳುವುದು ಸಾಧ್ಯವಿಲ್ಲ. ಆ ನೆಲಮಾಳಿಗೆಯಲ್ಲಿ ಅದು ಸೆಕೆಯ ಮೂಲೆಯಲ್ಲಿ ಇದ್ದಿರಬಹುದು. ಮೊದಲಿನಿಂದಲೇ ಸೊರಗಿದ್ದಿರಬಹುದು. ಅಥವಾ ದಿನವೂ ಖಾಲಿಯಾಗುವ ಕೆಲಸಕ್ಕೆ ಮೂರರಲ್ಲಿ ಮೊದಲು ಸೋತದ್ದು ಅದಾಗಿರಬಹುದು. ಒಂದರ ಹಿಂದೆ ಒಂದು ಜೋಡಿಸಿದ ಮೇಲೆ ಸೋತದ್ದು ಎಷ್ಟು ಕೊಡುತ್ತದೋ ಉಳಿದವೂ ಅಷ್ಟೇ ಕೊಡುತ್ತವೆ.

ಕಾಕಾ ಬಹಳ ಹೊತ್ತು ಆ ಬಲ್ಬನ್ನು ನೋಡಿದರು.

"ಮೂರೂ ನೋಡಬೇಕಾಗಿತ್ತು," ಎಂದರು.

"ನಾನು ಇನ್ನೊಂದ್ಸಲ ಹೇಳ್ಬೇಕಿತ್ತು ಕಾಕಾ," ಎಂದರು ಮೈಸೂರಿನವರು. ಕಾಕಾ ಎಂದು ಅವರು ಕರೆದದ್ದು ಅದೇ ಮೊದಲು.

"ನೀವು ಹೇಳಿದ್ರಿ. ಬಲ್ಬ್ ಹಾಕೋಣ್ರಿ ಅಂದಿದ್ರಿ. ನಾನs ಒಂದ ತಾಯಿ ಮಕ್ಕಳು ಅಂದೆ."

"ಈಗ ಅದೆಲ್ಲ ಯಾಕ್ರಿ? ಚಾ ಆರಾಕತ್ತೈತಿ," ಎಂದರು ಕಾಕು. ಯಾವತ್ತಿನ ಹಾಗೆ ಅದಕ್ಕೊಂದು ಚುಚ್ಚುಮಾತು ಸೇರಿಸಲಿಲ್ಲ.

"ಅಕ್ಕಗ ದಿನಾ ಬರ್ತೈತಿ ಅಂತ ಮಾತು ಕೊಟ್ಟಿದ್ದೆ," ಎಂದು ಕಾಕಾ ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿ ಜೂನ್ ತಿಂಗಳ ಅಂಕಿ ಇನ್ನೂ ಇತ್ತು.

ಆಗಸ್ಟ್ ಮಧ್ಯದಲ್ಲಿ ಡಾಕ್ಟರು ಹೊರಗೆ ಹೋಗಲು ಒಪ್ಪಿದರು. ನಾನು ಆಟೋದಲ್ಲಿ ಕಾಕಾರನ್ನು ಕಾಚಿಗೂಡಕ್ಕೆ ಕರೆದುಕೊಂಡು ಹೋದೆ. ಸೊಸೆಯವರು ಬಾಗಿಲಲ್ಲೇ, ಈಚೆಗೆ ಅತ್ತೆ ಮಾತು ಕಡಿಮೆ ಮಾಡಿದ್ದಾರೆ, ಆಡಿದರೂ ನಮ್ಮ ಹಾಗೆ ತೆಲುಗಿನಲ್ಲೇ ಆಡುತ್ತಾರೆ ಎಂದು ಮೆಲ್ಲಗೆ ಹೇಳಿದರು. ಕಾಕಾ ಬಲಕ್ಕೆ ಹೋಗಿ ಕುಳಿತು ಬಾಗಿದರು. ಕಾಯಿಲೆಯಿಂದ ಕಾಕಾ ಬಹಳ ಸೊರಗಿದ್ದರು, ತಲೆಗೂದಲು ಚಿಕ್ಕದಾಗಿ ಕತ್ತರಿಸಿತ್ತು.

"ಅಕ್ಕಾ."

ಅತ್ತೆ ನೋಡಿದರು.

"ಅಕ್ಕಾ, ಊರಿಂದ ಬಂದೀನಿ."

"ಎವರು?" ಎಂದು ಅತ್ತೆ ಸೊಸೆಯನ್ನು ಕೇಳಿದರು. ಯಾರು ಎಂದು.

ಸೊಸೆಯವರು ಹೇಳಿದರು. ಅತ್ತೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ನಂತರ ಕಾಕಾ ಇನ್ನೂ ಹತ್ತಿರ ಸರಿದು, ಅವರ ಕಿವಿಯ ಬಳಿ ಹೇಳಿದರು:

"ಅಕ್ಕಾ, ನೀ ಅಂದದ್ದ ಖರೆ. ಅಪ್ಪನ ಕುದುರಿ ಕೆಂದs ಇತ್ತು. ನೀನs ಗೆದ್ದಿ."

ಅತ್ತೆ ಸ್ಟೂಲಿನ ಮೇಲಿನ ಕಪ್ಪನ್ನು ಬಸಿಯ ಸಮೇತ ಅವರ ಕಡೆ ಸರಿಸಿದರು. "ಟೀ ತಾಗಂಡಿ," ಎಂದರು. ಮನೆಗೆ ಬಂದ ಹೊರಗಿನವರಿಗೆ, ಚಹಾ ತೆಗೆದುಕೊಳ್ಳಿ ಎಂದು ಹೇಳುವ ಹಾಗೆ.

ಕಾಕಾ ಕುಡಿದರು.

ಆ ವಯಸ್ಸಿನಲ್ಲಿ ಹೀಗಾಗುವುದು ಸಹಜ, ಎಂದಾದರೂ ಆಗುವುದೇ ಇತ್ತು ಎಂದು ಅತ್ತೆಯನ್ನು ನೋಡಿದ ವೈದ್ಯರು ಹೇಳಿದರು. ಎರಡು ತಿಂಗಳು ತಮ್ಮನ ಜೊತೆಗಿನ ಮಾತು ತಪ್ಪಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಕಾಕಾ ಆ ಪ್ರಶ್ನೆಯನ್ನು ಅವರಿಗೆ ಎರಡು ಸಲ ಕೇಳಿದ್ದರು.

ಮೈಸೂರಿನವರು ಮರುವರ್ಷ ಕೆಲಸ ಬದಲಿಸಿ ಬೆಂಗಳೂರಿಗೆ ಹೋದರು. ಹೋಗುವ ಮುಂಚೆ ಮೋಟಾರನ್ನು ಬಿಚ್ಚಿ ಹಳೆಯ ಚಕ್ರವನ್ನು ಕೂಡಿಸಿಕೊಟ್ಟರು. ಎರಡು ಬ್ಯಾಟರಿ ಗುಜರಿಗೆ ಹೋದವು. ಬೊಟ್ಟಿನದನ್ನು ಕಾಕಾ ಕೊಡಲಿಲ್ಲ. ಬಹಳ ದಿನ ವರಾಂಡದಲ್ಲಿ ಇಟ್ಟಿದ್ದರು, ಆದರೆ ಅಳೆಯುತ್ತಿರಲಿಲ್ಲ. ಗೋಡೆಗೆ ಸುಣ್ಣ ಬಳಿಸಿದಾಗ ಅಂಕಿಯೂ ಹೋಯಿತು.

ಇದನ್ನು ಬರೆಯುತ್ತಿರುವುದು 2011ರಲ್ಲಿ. ಕಾಕಾ ಶನಿವಾರಕ್ಕೊಮ್ಮೆ ಆಟೋದಲ್ಲಿ ಕಾಚಿಗೂಡಕ್ಕೆ ಹೋಗುತ್ತಾರೆ. ಬಲಗಡೆ ಕುಳಿತು ಕನ್ನಡದಲ್ಲಿ ಮಾತಾಡುತ್ತಾರೆ. ಅತ್ತೆ ಕೇಳುತ್ತಾರೆ, ಉತ್ತರ ಕೊಡುವುದಿಲ್ಲ. ಶನಿವಾರವಲ್ಲದೆ ಉಳಿದ ದಿನಗಳಲ್ಲಿಯೂ ನಾಲ್ಕು ಗಂಟೆಗೆ ಸೊಸೆಯನ್ನು ಕರೆದು ಸ್ಟೂಲಿನ ಮೇಲೆ ಎರಡು ಕಪ್ಪು ಇಡಲು ಹೇಳುತ್ತಾರೆ. ತೆಲುಗಿನಲ್ಲಿ ಹೇಳುತ್ತಾರೆ.